ಹೆಂಚಿನ ದುಡ್ಡು: ಅಮೆರಿಕದಲ್ಲಿ ಕಾಂಡೋ ಕೊಂಡಿರುವ ಕನ್ನಡಿಗರಿಗೆ ಬಹಿರಂಗ ಪತ್ರ

ಆತ್ಮೀಯ ಬಂಧುಗಳೇ,

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಗೆ ಅಡಿಕೆ ಮಂಡಿಯಿಂದ ಹಣ ಬಂದ ದಿನ ಅಜ್ಜಯ್ಯ ಮೊದಲು ಮಾಡುತ್ತಿದ್ದ ಕೆಲಸ ಒಂದಿತ್ತು. ಒಂದಿಷ್ಟು ನೋಟುಗಳನ್ನು ಎಣಿಸಿ ತೆಗೆದು, ದೇವರ ಕೋಣೆಯ ಗೂಡಿನಲ್ಲಿದ್ದ ತಗಡಿನ ಡಬ್ಬಿಗೆ ಹಾಕುತ್ತಿದ್ದರು. ಅದನ್ನು ಮನೆಯವರೆಲ್ಲ 'ಹೆಂಚಿನ ದುಡ್ಡು' ಎಂದೇ ಕರೆಯುತ್ತಿದ್ದರು. ಮದುವೆ ಬರಲಿ, ಕಾಯಿಲೆ ಬರಲಿ, ಆ ಡಬ್ಬಿಗೆ ಯಾರೂ ಕೈ ಹಾಕುವಂತಿರಲಿಲ್ಲ. ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಆಳುಗಳು ಮಾಡು ಹತ್ತಿ ಹೆಂಚು ಕೈಯಾಡಿಸುತ್ತಿದ್ದರು. ಒಡೆದ ಹೆಂಚು, ಗೆದ್ದಲು ತಿಂದ ರೀಪು ಬದಲಾಗುತ್ತಿದ್ದವು. ಕೆಲವು ವರ್ಷ ಬದಲಿಸುವಂಥದ್ದು ಏನೂ ಇರುತ್ತಿರಲಿಲ್ಲ. ಆಗಲೂ ಡಬ್ಬಿಗೆ ಹಣ ಬೀಳುವುದು ತಪ್ಪುತ್ತಿರಲಿಲ್ಲ. "ಯಾವುದೋ ಒಂದು ವರ್ಷ ಇಡೀ ಮಾಡನ್ನೇ ಇಳಿಸಬೇಕಾಗುತ್ತದೆ. ಅದೇ ವರ್ಷ ಅಡಿಕೆಗೆ ಕೊಳೆರೋಗವೂ ಬಂದಿರುತ್ತದೆ" ಎನ್ನುತ್ತಿದ್ದರು.

ಆ ಮನೆಯಲ್ಲಿ ಬೆಳೆದ ನಾನು, ದಕ್ಷಿಣ ಫ್ಲಾರಿಡಾದ ನಮ್ಮ ಕಾಂಡೋ (ಅಪಾರ್ಟ್‌ಮೆಂಟ್) ಕಟ್ಟಡದ, ಮುಂದಿನ ದೊಡ್ಡ ದುರಸ್ತಿಗೆಂದು ಎತ್ತಿಡುವ ಮೀಸಲು ನಿಧಿಗೆ ಒಂದು ಡಾಲರನ್ನೂ ಹಾಕುವುದು ಬೇಡ ಎಂದು 2016ರ ಡಿಸೆಂಬರ್‌ನಲ್ಲಿ ಮತ ಹಾಕಿದೆ. ವೃತ್ತಿಯಿಂದ ಲೆಕ್ಕಪತ್ರದವಳು ನಾನು. ಅಂಚೆಪೆಟ್ಟಿಗೆಗಳ ಬಳಿ ಸಿಕ್ಕಿದ ಕೆಳಮಹಡಿಯ ಹಿರಿಯ ಮಹಿಳೆಯೊಬ್ಬರು ಪ್ರಾಕ್ಸಿ ಪತ್ರವನ್ನು (ಸಭೆಗೆ ಹೋಗದೆ ಮತ ಕೊಡುವ ಪತ್ರ) ಕೈಯಲ್ಲಿ ಹಿಡಿದು, "ಇದಕ್ಕೆ ಸಹಿ ಹಾಕಲೇ?" ಎಂದು ಕೇಳಿದರು. "ಹಾಕಿ, ತಿಂಗಳಿಗೆ ಅರವತ್ತು ಡಾಲರ್ ಉಳಿಯುತ್ತದೆ" ಎಂದೆ. ನನ್ನ ಮಾತನ್ನು ನಂಬಿ ಅವರು ಸಹಿ ಹಾಕಿದರು. ಈ ಪತ್ರ ಬರೆಯುತ್ತಿರುವುದು ಆ ಸಹಿಯ ಕಾರಣಕ್ಕೆ.

ಅಮೆರಿಕಕ್ಕೆ ಹೊಸದಾಗಿ ಬಂದವರಿಗಾಗಿ ಒಂದೆರಡು ಮಾತು. ಕಾಂಡೋ ಕೊಂಡಾಗ ನಿಮ್ಮ ಒಬ್ಬರದೇ ಆಗುವುದು ಮನೆಯ ಒಳಭಾಗ ಮಾತ್ರ. ಛಾವಣಿ, ಕಂಬ, ತೊಲೆ, ಲಿಫ್ಟ್, ನೀರಿನ ಕೊಳವೆ, ಈಜುಕೊಳ, ವಾಹನ ನಿಲ್ಲಿಸುವ ಜಾಗ ಎಲ್ಲವೂ ಎಲ್ಲರ ಜಂಟಿ ಆಸ್ತಿ. ಅವುಗಳನ್ನು ನೋಡಿಕೊಳ್ಳುವುದು ಮಾಲೀಕರ ಸಂಘ, ಸಂಘವನ್ನು ನಡೆಸುವುದು ನಮ್ಮ ನಡುವಿನಿಂದಲೇ ಆಯ್ಕೆಯಾದ ಆಡಳಿತ ಮಂಡಳಿ. ಇದಕ್ಕೆಲ್ಲ ನಿಯಮ ಹಾಕುವುದು ಮುಖ್ಯವಾಗಿ ರಾಜ್ಯದ ಶಾಸನಸಭೆ. ಹಾಗಾಗಿ ನ್ಯೂಜೆರ್ಸಿಯಲ್ಲಿರುವ ನಿಮ್ಮ ಅಣ್ಣನಿಗೆ ಅನ್ವಯಿಸುವ ಕಾನೂನು ಟೆಕ್ಸಾಸ್‌ನಲ್ಲಿರುವ ನಿಮಗೆ ಅನ್ವಯಿಸುವುದಿಲ್ಲ. ನಾವು ತಿಂಗಳು ತಿಂಗಳು ಕಟ್ಟುವ ಶುಲ್ಕದಲ್ಲಿ ಎರಡು ಪಾಲು ಇರಬೇಕು. ಮೊದಲನೆಯದು ದಿನದ ಖರ್ಚಿಗೆ. ಎರಡನೆಯದು, ಇಪ್ಪತ್ತು ವರ್ಷಕ್ಕೊಮ್ಮೆ ಬರುವ ಛಾವಣಿಯ ಖರ್ಚಿಗೆ, ಮೂವತ್ತು ವರ್ಷಕ್ಕೊಮ್ಮೆ ಬರುವ ಕೊಳವೆಗಳ ಖರ್ಚಿಗೆ. ಈ ಎರಡನೆಯ ಪಾಲೇ ಮೀಸಲು ನಿಧಿ, ನಮ್ಮ ಊರಿನ ಮಾತಿನಲ್ಲಿ ಇಡುಗಂಟು.

ಫ್ಲಾರಿಡಾದ ಕಾಂಡೋ ಕಾನೂನು ಛಾವಣಿ, ಬಣ್ಣ, ರಸ್ತೆಯ ಮೇಲ್ಪದರ ಮತ್ತು 10,000 ಡಾಲರ್ ಮೀರಿದ ಯಾವುದೇ ದೊಡ್ಡ ದುರಸ್ತಿಗೆ ಮೀಸಲು ನಿಧಿ ಇಡಬೇಕು ಎಂದು ಬಹುಕಾಲದಿಂದ ಹೇಳುತ್ತಿತ್ತು. ಅದರ ಪಕ್ಕದಲ್ಲೇ ಒಂದು ಬಾಗಿಲನ್ನೂ ತೆರೆದಿಟ್ಟಿತ್ತು. ಸಭೆ ಸೇರಿದ ಮಾಲೀಕರು ಬಹುಮತದಿಂದ ಒಪ್ಪಿದರೆ ಆ ವರ್ಷ ನಿಧಿಗೆ ಹಣ ಹಾಕದೆಯೂ ಇರಬಹುದಿತ್ತು. ಮುಂದಿನ ವರ್ಷ ಮತ್ತೆ ಮತ ಹಾಕಿ ಮತ್ತೆ ಬಿಡಬಹುದಿತ್ತು. ಹೀಗೆ ಮೂವತ್ತು ವರ್ಷ ಬಿಟ್ಟ ಕಟ್ಟಡಗಳು ಈ ಕರಾವಳಿಯಲ್ಲಿ ಬೇಕಾದಷ್ಟಿವೆ, ನಮ್ಮದೂ ಅಂಥದ್ದೇ. ಹೀಗೆ ಬಿಟ್ಟರೆ ಮುಂದೆ ನಿರೀಕ್ಷಿಸದ ವಿಶೇಷ ವಂತಿಗೆಯ (ತಿಂಗಳ ಶುಲ್ಕವಲ್ಲದೆ ಎಲ್ಲರಿಂದ ಎತ್ತುವ ಹೆಚ್ಚುವರಿ ಹಣದ) ಹೊಣೆ ಮಾಲೀಕರ ತಲೆಯ ಮೇಲೆ ಬೀಳಬಹುದು ಎಂಬ ಎಚ್ಚರಿಕೆಯನ್ನು ಆ ಮತಪತ್ರದ ಮೇಲೆ, ಉಳಿದೆಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕೆಂದು ಕಾನೂನೇ ಹೇಳಿತ್ತು. ಆ ದಪ್ಪ ಅಕ್ಷರಗಳನ್ನು ನಾನು ಓದಿದ್ದೆ. ಓದಿಯೂ ಸಹಿ ಹಾಕಿದ್ದೆ.

ಅದರ ಲೆಕ್ಕವನ್ನು ಒಮ್ಮೆ ಬಿಡಿಸಿ ಹೇಳುತ್ತೇನೆ. 120 ಮನೆಗಳ ಒಂದು ಕಟ್ಟಡ ಇದೆ ಎಂದುಕೊಳ್ಳಿ. ಛಾವಣಿಯ ಆಯಸ್ಸು 20 ವರ್ಷ, ಬದಲಿಸುವ ಖರ್ಚು ಆರು ಲಕ್ಷ ಡಾಲರ್. ಒಂದು ಮನೆಯ ಪಾಲು 5,000 ಡಾಲರ್. ಮೊದಲ ದಿನದಿಂದ ಎತ್ತಿಟ್ಟರೆ ತಿಂಗಳಿಗೆ 21 ಡಾಲರ್ ಸಾಕು. ಹದಿನೈದು ವರ್ಷ ಯಾರೂ ಏನೂ ಇಡದಿದ್ದರೆ ಉಳಿದ ಐದು ವರ್ಷ ತಿಂಗಳಿಗೆ 83 ಡಾಲರ್ ಕಟ್ಟಬೇಕು. ಹತ್ತೊಂಬತ್ತು ವರ್ಷ ಬಿಟ್ಟರೆ ಒಂದೇ ವರ್ಷದಲ್ಲಿ ಅಷ್ಟೂ ಹಣ. ಈ ನಡುವೆ ಹದಿನೈದನೆಯ ವರ್ಷ ಮನೆ ಮಾರಿ ಹೋದವರು ಆ ಛಾವಣಿಯ ಮುಕ್ಕಾಲು ಆಯಸ್ಸನ್ನು ಬಳಸಿ, ಬದಲಿಗೆ ಏನನ್ನೂ ಇಡದೆ ಹೋಗಿರುತ್ತಾರೆ. ಅವರ ಪಾಲನ್ನು ಕೊಡುವವರು ಆ ಮನೆಯನ್ನು ಕೊಂಡವರು. ಬಹಳ ಸಲ ಅವರು ನಮ್ಮಂಥ ಹೊಸಬರು. 'ತಿಂಗಳ ಶುಲ್ಕ ಕಡಿಮೆ' ಎಂಬ ಜಾಹೀರಾತಿನ ಸಾಲನ್ನು ನೋಡಿ ಹಿಗ್ಗಿದವರು.

2021ರ ಜೂನ್ 24ರ ನಸುಕಿನಲ್ಲಿ, ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯೊಳಗಿನ ಸರ್ಫ್‌ಸೈಡ್ ಪಟ್ಟಣದಲ್ಲಿ ಶಾಂಪ್ಲೇನ್ ಟವರ್ಸ್ ಸೌತ್ ಎಂಬ ಹನ್ನೆರಡು ಮಹಡಿಯ ಕಾಂಡೋ ಕಟ್ಟಡದ ಅರ್ಧದಷ್ಟು ಭಾಗ ನಿಮಿಷವೂ ಹಿಡಿಯದೆ ಕುಸಿಯಿತು. 98 ಜನ ಸತ್ತರು. ಹೆಚ್ಚಿನವರು ನಿದ್ದೆಯಲ್ಲಿದ್ದರು. ಆ ಕಟ್ಟಡ 1981ರದು, 136 ಮನೆಗಳಿದ್ದವು. ನಲವತ್ತು ವರ್ಷ ತುಂಬಿದ ಕಟ್ಟಡಗಳಿಗೆ ಆ ಜಿಲ್ಲೆಯಲ್ಲಿ ಕಡ್ಡಾಯವಾಗಿದ್ದ ಮರುಪರಿಶೀಲನೆಗೆ ಅದು ಸಿದ್ಧವಾಗುತ್ತಿತ್ತು.

ಆ ಕಟ್ಟಡದ ಕಾಗದಪತ್ರಗಳು ಆಮೇಲೆ ಸಾರ್ವಜನಿಕವಾದವು. ನಾನು ರಾತ್ರಿಗಳನ್ನು ಕಳೆದು ಅವನ್ನು ಓದಿದೆ. 2018ರಲ್ಲೇ ಎಂಜಿನಿಯರೊಬ್ಬರು ಬರೆದುಕೊಟ್ಟ ವರದಿಯಲ್ಲಿ, ಈಜುಕೊಳದ ಸುತ್ತಲಿನ ಅಂಗಳದ ಕೆಳಗಿನ ಜಲನಿರೋಧಕ ಪದರ ಕೆಟ್ಟಿದೆ, ಆ ಅಂಗಳಕ್ಕೆ ಇಳಿಜಾರೇ ಇಲ್ಲದ್ದರಿಂದ ನೀರು ನಿಲ್ಲುತ್ತಿದೆ, ಕೆಳಗಿನ ಕಾಂಕ್ರೀಟ್ ಹಲಗೆಗೆ ದೊಡ್ಡ ಹಾನಿಯಾಗಿದೆ ಎಂದಿತ್ತು. ಅಂದಾಜು ಖರ್ಚು ಸುಮಾರು 90 ಲಕ್ಷ ಡಾಲರ್. ಮಾಲೀಕರ ನಡುವೆ ಜಗಳ ಹತ್ತಿಕೊಂಡಿತು. 2019ರಲ್ಲಿ ಮಂಡಳಿಯ ಬಹುಪಾಲು ಸದಸ್ಯರು ರಾಜೀನಾಮೆ ಕೊಟ್ಟರು. 2021ರ ಏಪ್ರಿಲ್ ಹೊತ್ತಿಗೆ ಖರ್ಚು ಒಂದೂವರೆ ಕೋಟಿ ಡಾಲರ್ ಮುಟ್ಟಿತ್ತು. ಸಂಘದ ಬೊಕ್ಕಸದಲ್ಲಿದ್ದ ಮೀಸಲು ನಿಧಿ ಏಳು ಲಕ್ಷ ಚಿಲ್ಲರೆ, ಅಂದರೆ ಇರಬೇಕಾದುದರ ಶೇಕಡಾ ಏಳಕ್ಕಿಂತ ಕಡಿಮೆ. ಕೊನೆಗೆ ಮನೆಯೊಂದಕ್ಕೆ 80 ಸಾವಿರದಿಂದ 3 ಲಕ್ಷ 36 ಸಾವಿರ ಡಾಲರ್‌ವರೆಗೆ ವಿಶೇಷ ವಂತಿಗೆ ಹಾಕಲು ತೀರ್ಮಾನವಾಯಿತು. ಮೊದಲ ಕಂತು ಜುಲೈ 1ಕ್ಕೆ ಬರಬೇಕಿತ್ತು. ಕಟ್ಟಡ ಬಿದ್ದದ್ದು ಅದಕ್ಕೆ ಒಂದು ವಾರ ಮೊದಲು.

ನಿಧಿ ಇಲ್ಲದ ಕಾರಣವೊಂದರಿಂದಲೇ ಆ ಕಟ್ಟಡ ಬಿತ್ತು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ತನಿಖೆ ನಡೆಸಿದ ಕೇಂದ್ರದ ಸಂಸ್ಥೆ ಎನ್‌ಐಎಸ್‌ಟಿ ಪ್ರಾಥಮಿಕವಾಗಿ ಹೇಳಿರುವ ಪ್ರಕಾರ, ಈಜುಕೊಳದ ಅಂಗಳದ ವಿನ್ಯಾಸ ಕಟ್ಟಿದ ಕಾಲದ ನಿಯಮಗಳಿಗೂ ಸಾಲದಷ್ಟು ದುರ್ಬಲವಾಗಿತ್ತು. ಆ ದೌರ್ಬಲ್ಯದ ಮೇಲೆ ನೀರು, ಉಪ್ಪು, ತುಕ್ಕು, ಸೇರಿಸುತ್ತ ಹೋದ ಭಾರ ಎಲ್ಲವೂ ಕೂಡಿದವು. ಆದರೆ ಒಂದು ಮಾತು ಉಳಿಯುತ್ತದೆ. ನಿಧಿ ತುಂಬಿದ್ದರೆ 2018ರ ವರದಿ ಬಂದ ವರ್ಷವೇ ಅಂಗಳವನ್ನು ಒಡೆದು ತೆಗೆಯುವ ಕೆಲಸ ಆರಂಭವಾಗಬಹುದಿತ್ತು. ಆಗ ಕೆಳಗೆ ಏನಿದೆ ಎಂಬುದು ಯಾರಾದರೂ ಎಂಜಿನಿಯರರ ಕಣ್ಣಿಗೆ ಬೀಳಬಹುದಿತ್ತು. ಮೂರು ವರ್ಷ ಹೋದದ್ದು ಹಣ ಎಲ್ಲಿಂದ ತರುವುದು ಎಂಬ ವಾದದಲ್ಲಿ.

ಕಡಲ ಪಕ್ಕದ ಕಾಂಕ್ರೀಟ್ ಹೇಗೆ ಸಾಯುತ್ತದೆ ಎಂಬುದನ್ನು ನಾನು ಈಗ ನಮ್ಮ ಕಟ್ಟಡದಲ್ಲೇ ನೋಡಿದ್ದೇನೆ. ಉಪ್ಪುಗಾಳಿಯ ತೇವ ಸಣ್ಣ ಬಿರುಕಿನಿಂದ ಒಳಗಿಳಿದು ಕಬ್ಬಿಣದ ಸರಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ. ಉಬ್ಬಿದ ಸರಳು ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಸೀಳಿದಲ್ಲಿ ಇನ್ನಷ್ಟು ತೇವ. ಮೊದಲ ಬಿರುಕಿಗೆ ನೂರಿನ್ನೂರು ಡಾಲರ್ ಸಾಕು. ಹತ್ತು ವರ್ಷ ಬಿಟ್ಟರೆ ಬಾಲ್ಕನಿಯನ್ನೇ ಒಡೆದು ಹೊಸದಾಗಿ ಹಾಕಬೇಕು. ಗೆದ್ದಲು ತಿಂದ ರೀಪು ಬದಲಿಸದಿದ್ದರೆ ತೊಲೆಗೂ ಹತ್ತುತ್ತದೆ ಎಂಬುದು ಮಲೆನಾಡಿನ ಮಗುವಿಗೂ ಗೊತ್ತು. ಬಣ್ಣ ಬಳಿದ ಕಾಂಕ್ರೀಟಿನ ಒಳಗೂ ಅದೇ ಆಗುತ್ತಿದೆ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ದುರಂತದ ಮರುವರ್ಷ, 2022ರ ಮೇ ತಿಂಗಳಲ್ಲಿ, ಫ್ಲಾರಿಡಾದ ಶಾಸನಸಭೆ ವಿಶೇಷ ಅಧಿವೇಶನದಲ್ಲಿ ಹೊಸ ಕಾನೂನು ತಂದಿತು. ಎರಡೂ ಸದನಗಳಲ್ಲಿ ಒಬ್ಬರೂ ವಿರೋಧಿಸಲಿಲ್ಲ. ಮೂರು ಅಥವಾ ಹೆಚ್ಚು ಮಹಡಿಯ ಕಾಂಡೋ ಕಟ್ಟಡಕ್ಕೆ ಮೂವತ್ತು ವರ್ಷ ತುಂಬಿದಾಗ ಅದರ ಗಟ್ಟಿತನ ನೋಡುವ 'ಮೈಲ್‌ಸ್ಟೋನ್' ತಪಾಸಣೆ, ಆಮೇಲೆ ಹತ್ತು ವರ್ಷಕ್ಕೊಮ್ಮೆ ಕಡ್ಡಾಯ. 2023ರ ತಿದ್ದುಪಡಿಯ ಪ್ರಕಾರ, ಕಡಲಿಗೆ ಹತ್ತಿರವಿರುವಲ್ಲಿ ಸ್ಥಳೀಯ ಆಡಳಿತ ಇದನ್ನು 25 ವರ್ಷಕ್ಕೆ ಇಳಿಸಬಹುದು. ಇದರ ಜೊತೆಗೆ ಕಟ್ಟಡದ ಸುಭದ್ರತೆಗೆ ಬೇಕಾದ ಮೀಸಲು ನಿಧಿ ಎಷ್ಟು ಎಂಬ ಅಧ್ಯಯನ, ಇಲ್ಲಿಯವರು 'ಎಸ್‌ಐಆರ್‌ಎಸ್' ಎನ್ನುವುದು. ಛಾವಣಿ, ಭಾರ ಹೊರುವ ಗೋಡೆ ಮತ್ತು ಕಂಬಗಳು, ಬೆಂಕಿಯಿಂದ ರಕ್ಷಣೆ, ಕೊಳಾಯಿ, ವಿದ್ಯುತ್, ಜಲನಿರೋಧಕ ಪದರ ಮತ್ತು ಹೊರಬಣ್ಣ, ಕಿಟಕಿ ಮತ್ತು ಹೊರಬಾಗಿಲು, ಕೆಟ್ಟರೆ ಇವುಗಳಿಗೂ ಪೆಟ್ಟು ಕೊಡುವ ಬೇರೆ ದೊಡ್ಡ ಭಾಗಗಳು, ಇಷ್ಟಕ್ಕೂ ಎಷ್ಟು ವರ್ಷ ಆಯಸ್ಸು ಉಳಿದಿದೆ, ವರ್ಷಕ್ಕೆ ಎಷ್ಟು ಎತ್ತಿಡಬೇಕು ಎಂಬುದನ್ನು ಅದು ಹೇಳಬೇಕು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬೇರೆ. 2024ರ ಕೊನೆಯ ದಿನದಿಂದ ಮುಂದಕ್ಕೆ ಒಪ್ಪಿದ ಬಜೆಟ್‌ಗಳಲ್ಲಿ ಈ ಅಂಶಗಳಿಗೆ ಇಡಬೇಕಾದ ಹಣವನ್ನು ಮಾಲೀಕರು ಮತ ಹಾಕಿ ಬಿಡುವಂತಿಲ್ಲ. ನಾನು 2016ರಲ್ಲಿ ಹೊಕ್ಕು ಬಂದ ಬಾಗಿಲು ಮುಚ್ಚಿತು.

ನಮ್ಮದು 1974ರ ಕಟ್ಟಡ, ಐದು ಮಹಡಿ, 84 ಮನೆಗಳು. 2024ರಲ್ಲಿ ತಪಾಸಣೆ ಮುಗಿದಾಗ ಹದಿನೇಳು ಬಾಲ್ಕನಿಗಳಿಗೆ ತಕ್ಷಣ ಕೆಲಸ ಆಗಬೇಕು ಎಂದು ಬರೆದುಕೊಟ್ಟರು. ಛಾವಣಿಯ ಆಯಸ್ಸು ಮುಗಿದಿತ್ತು. ಮನೆಯೊಂದಕ್ಕೆ 27,000 ಡಾಲರ್ ವಿಶೇಷ ವಂತಿಗೆ ಬಿತ್ತು. ತಿಂಗಳ ಶುಲ್ಕ 390 ಡಾಲರ್‌ನಿಂದ 820ಕ್ಕೆ ಏರಿತು.

ಕೆಳಮಹಡಿಯ ಆ ಹಿರಿಯರಿಗೆ ಈಗ 81 ವರ್ಷ. ನ್ಯೂಯಾರ್ಕ್‌ನಲ್ಲಿ ಶಾಲಾ ಬಸ್ ಓಡಿಸಿ ನಿವೃತ್ತರಾದವರು. ಗಂಡನ ಜೊತೆ ಕೊಂಡ ಮನೆ ಅದು, ಗಂಡ ತೀರಿಕೊಂಡದ್ದೂ ಅಲ್ಲೇ. ಸರ್ಕಾರದ ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯಲ್ಲದೆ ಬೇರೆ ಆದಾಯವಿಲ್ಲ. ಆಗ ನಾನು ಮಂಡಳಿಯ ಖಜಾಂಚಿಯಾಗಿದ್ದೆ, ನೋಟಿಸಿಗೆ ಸಹಿ ನನ್ನದೇ. ಅವರು ಅದನ್ನು ಹಿಡಿದು ನನ್ನ ಬಾಗಿಲಿಗೆ ಬಂದರು. ಜಗಳ ಆಡಲಿಲ್ಲ. "ನಾನು ಯಾವ ತಿಂಗಳೂ ಶುಲ್ಕ ತಪ್ಪಿಸಿಲ್ಲವಲ್ಲ?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ನಿಜ, ಒಂದು ತಿಂಗಳೂ ತಪ್ಪಿಸಿರಲಿಲ್ಲ. ಅವರ ಮೇಲೆ ಬಿದ್ದದ್ದು 1980ರ, 1990ರ ದಶಕಗಳಲ್ಲಿ ಇಲ್ಲಿದ್ದು ಬಿಟ್ಟುಹೋದವರ ಬಾಕಿ. ಅದಕ್ಕೆ ನನ್ನ ಮಾತಿನಂತೆ ಅವರೇ ಸಹಿ ಹಾಕಿದ ವರ್ಷಗಳ ಬಾಕಿಯೂ ಸೇರಿತ್ತು. ಕಳೆದ ಮಾರ್ಚ್‌ನಲ್ಲಿ ಅವರು ಮನೆಯನ್ನು ಸಿಕ್ಕಿದ ಬೆಲೆಗೆ ಮಾರಿ ಮಗಳ ಊರಿಗೆ ಹೋದರು. ವಂತಿಗೆ ಬಾಕಿ ಇರುವ ಕಟ್ಟಡ ಎಂದು ತಿಳಿದರೆ ಬೆಲೆ ಬೀಳುತ್ತದೆ. ದೊಡ್ಡ ದುರಸ್ತಿ ಬಾಕಿ ಇರುವ ಕಟ್ಟಡಗಳ ಸಾಲವನ್ನು, ಬ್ಯಾಂಕ್‌ಗಳಿಂದ ಮನೆಸಾಲ ಕೊಳ್ಳುವ 'ಫ್ಯಾನಿ ಮೇ' ಸಂಸ್ಥೆ 2022ರಿಂದ ಕೊಳ್ಳುವುದಿಲ್ಲವಾದ್ದರಿಂದ ಬ್ಯಾಂಕ್‌ಗಳೂ ಹಿಂಜರಿಯುತ್ತವೆ. ಕೊಳ್ಳುವವರು ಕೈಯಲ್ಲಿ ನಗದು ಹಿಡಿದು ಬಂದವರೇ ಆಗಬೇಕು, ಅವರು ಕೇಳುವ ಬೆಲೆಗೇ ಕೊಡಬೇಕು.

ಈ ಕಾನೂನು ವೃದ್ಧರನ್ನು ಬೀದಿಗೆ ತಂದಿದೆ ಎನ್ನುವವರಿದ್ದಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಕಣ್ಣಾರೆ ಕಂಡಿದ್ದೇನೆ. ನಲವತ್ತು ವರ್ಷದ ಬಾಕಿಯನ್ನು ಎರಡು ಮೂರು ವರ್ಷದಲ್ಲಿ ತುಂಬಿಸಿ ಎಂದದ್ದು ಕಠಿಣವೇ. ಬಡ ಮಾಲೀಕರಿಗೆ ಕಡಿಮೆ ಬಡ್ಡಿಯ ಸಾಲ, ಕಂತುಗಳ ಸೌಲಭ್ಯವನ್ನು ಕಾನೂನಿನ ಜೊತೆಯಲ್ಲೇ ತರಬೇಕಿತ್ತು. ಹಾಗೆಂದು ಕಾನೂನನ್ನೇ ಸಡಿಲಿಸುವುದನ್ನು ನಾನು ಒಪ್ಪಲಾರೆ. 2025ರ ಜೂನ್‌ನಲ್ಲಿ ಒಂದು ತಿದ್ದುಪಡಿ ಬಂದಿದೆ. ಅಧ್ಯಯನದ ಗಡುವು 2025ರ ಕೊನೆಗೆ ಹೋಯಿತು. 10,000 ಡಾಲರ್‌ನ ಮಿತಿ 25,000ಕ್ಕೆ ಏರಿದೆ. ನಿಧಿಯ ಬದಲು ಸಾಲ ಎತ್ತಲು ಅವಕಾಶ ಸಿಕ್ಕಿದೆ. ಇತ್ತೀಚೆಗೆ ತಪಾಸಣೆ ಮುಗಿಸಿದ ಕಟ್ಟಡಗಳು, ಒಟ್ಟು ಮಾಲೀಕರ ಬಹುಮತ ಇದ್ದರೆ, ಎರಡು ವರ್ಷದ ಬಜೆಟ್‌ವರೆಗೆ ನಿಧಿಗೆ ಹಣ ಹಾಕುವುದನ್ನು ನಿಲ್ಲಿಸಬಹುದು, ಆ ಹಣ ತಪಾಸಣೆ ಹೇಳಿದ ದುರಸ್ತಿಗೆ ಹೋಗಲಿ ಎಂಬ ಉದ್ದೇಶಕ್ಕೆ. ಉದ್ದೇಶ ಒಳ್ಳೆಯದಿರಬಹುದು. ನಮ್ಮ ಕಟ್ಟಡದ ಮಟ್ಟಿಗೆ ದುರಸ್ತಿಯ ಹಣ ವಿಶೇಷ ವಂತಿಗೆಯಿಂದ ಆಗಲೇ ಬಂದಿದೆ. ಈಗ ನಿಲ್ಲಿಸಿದರೆ ಅದು ಹಳೆಯ ಚಾಳಿಗೆ ಮರಳುವುದಲ್ಲದೆ ಬೇರೇನೂ ಅಲ್ಲ. ಎರಡು ವರ್ಷವಾದ ಮೇಲೆ ಇನ್ನೆರಡು ವರ್ಷ ಕೊಡಿ ಎಂದು ರಾಜ್ಯದ ರಾಜಧಾನಿ ತಲಹಾಸಿಗೆ ಹೋಗುವವರು ಈಗಲೇ ತಯಾರಾಗಿದ್ದಾರೆ.

ನೀವು ಫ್ಲಾರಿಡಾದಲ್ಲಿ ಇಲ್ಲದಿರಬಹುದು. ಎಡಿಸನ್ನಿನಲ್ಲೋ ಪ್ಲೇನ್ಸ್‌ಬರೋದಲ್ಲೋ ಟೌನ್‌ಹೌಸ್ ಕೊಂಡಿದ್ದರೆ, ನ್ಯೂಜೆರ್ಸಿಯ 2024ರ ಕಾನೂನಿನ ಪ್ರಕಾರ ನಿಮ್ಮ ಸಂಘ ಐದು ವರ್ಷಕ್ಕೊಮ್ಮೆ ಮೀಸಲು ನಿಧಿಯ ಅಧ್ಯಯನ ಮಾಡಿಸಬೇಕು, ಮೂವತ್ತು ವರ್ಷದ ಯೋಜನೆ ಹಾಕಬೇಕು. ಆಗಿದೆಯೇ ಎಂದು ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷಕ್ಕೊಮ್ಮೆ ಅಧ್ಯಯನ ಕಡ್ಡಾಯ, ಆದರೆ ಅಧ್ಯಯನ ಹೇಳಿದಷ್ಟು ಹಣ ಇಡಲೇಬೇಕೆಂಬ ನಿಯಮ ಇಲ್ಲ. ವರದಿ ಬೀರುವಿನಲ್ಲಿ ಕುಳಿತಿರಬಹುದು. ಅಲ್ಲಿಯ ಬರ್ಕ್ಲಿಯಲ್ಲಿ 2015ರ ಜೂನ್‌ನಲ್ಲಿ ನೀರು ಇಳಿದು ಕೊಳೆತ ಮರದ ಬಾಲ್ಕನಿ ಮುರಿದು ಬಿದ್ದು ಆರು ಮಂದಿ ಎಳೆಯರು ಸತ್ತರು, ಹೆಚ್ಚಿನವರು ಐರ್ಲೆಂಡಿನಿಂದ ಬೇಸಗೆ ಕಳೆಯಲು ಬಂದ ವಿದ್ಯಾರ್ಥಿಗಳು. ಅದಾದ ಮೇಲೆ ಮರದ ಬಾಲ್ಕನಿಗಳನ್ನು ಒಂಬತ್ತು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂಬ ನಿಯಮ ಬಂತು, ಕಾಂಡೋಗಳಿಗೆ ಮೊದಲ ಗಡುವು 2025ರ ಜನವರಿ 1ಕ್ಕೆ ಮುಗಿದಿದೆ. ಟೆಕ್ಸಾಸ್‌ನಲ್ಲಿ ರಾಜ್ಯದ ಕಾನೂನು ಮೀಸಲು ನಿಧಿಯನ್ನು ಕಡ್ಡಾಯ ಮಾಡಿಲ್ಲ. ಅಲ್ಲಿ ನೀವೇ ಎಚ್ಚರವಾಗಿರಬೇಕು. ಬಿಡಿ ಮನೆಗಳ ಬಡಾವಣೆಯಲ್ಲಿ ಇರುವವರೂ ನಮಗೇನು ಎನ್ನಬೇಡಿ. ಖಾಸಗಿ ರಸ್ತೆ, ಮಳೆನೀರಿನ ಕೊಳ, ಈಜುಕೊಳ, ಕಾಂಪೌಂಡ್ ಎಲ್ಲಕ್ಕೂ ಆಯಸ್ಸು ಇದೆ.

ಈಗ ನಮ್ಮ ಬಗ್ಗೆ ಒಂದು ಮಾತು. ಮುನಿಸಿಕೊಳ್ಳಬೇಡಿ.

ಕನ್ನಡ ಕೂಟದ ರಾಜ್ಯೋತ್ಸವಕ್ಕೆ ನಾವು ಆರು ತಿಂಗಳು ಮುಂಚೆ ಸಭೆ ಸೇರುತ್ತೇವೆ. ಬಾಳೆಎಲೆ ಎಲ್ಲಿಂದ ತರಿಸಬೇಕು, ಒಬ್ಬಟ್ಟಿಗೆ ಎಷ್ಟು ಬೇಳೆ ನೆನೆಸಬೇಕು ಎಂಬುದನ್ನು ತಲೆ ಲೆಕ್ಕ ಹಾಕಿ ನಿರ್ಧರಿಸುತ್ತೇವೆ. ಕೂಟದ ಲೆಕ್ಕದಲ್ಲಿ ಹತ್ತು ಡಾಲರ್ ಹೆಚ್ಚು ಕಡಿಮೆಯಾದರೂ ಸರ್ವಸದಸ್ಯರ ಸಭೆಯಲ್ಲಿ ಎದ್ದುನಿಂತು ಕೇಳುತ್ತೇವೆ. ನಮ್ಮ ಜೀವಮಾನದ ಉಳಿತಾಯ ಇರುವ ಕಟ್ಟಡದ ಬಜೆಟ್ ಸಭೆಗೆ ಮಾತ್ರ ಹೋಗುವುದಿಲ್ಲ. ನಾನು ಕೊಂಡದ್ದು 2009ರಲ್ಲಿ. ಮೊದಲ ಸಭೆಗೆ ಹೋದದ್ದು ಸರ್ಫ್‌ಸೈಡ್ ಬಿದ್ದ ಮೇಲೆ. ಹನ್ನೆರಡು ವರ್ಷ ನನ್ನ ಪರವಾಗಿ ಮಾತಾಡಿದ್ದು ಅಂಚೆಯಲ್ಲಿ ಕಳಿಸಿದ ಪ್ರಾಕ್ಸಿ ಪತ್ರ. ನಮ್ಮವರಲ್ಲಿ ಇದು ಸಾಮಾನ್ಯ. ವೀಸಾದ ಚಿಂತೆ, ಮಕ್ಕಳ ಶಾಲೆ, ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವುದು, ಐದು ವರ್ಷದಲ್ಲಿ ದೊಡ್ಡ ಮನೆಗೆ ಹೋಗುತ್ತೇವೆ ಎಂಬ ಎಣಿಕೆ. ಸಭೆಯಲ್ಲಿ ಮಾತಾಡುವುದಕ್ಕೆ ಒಂದು ಅಳುಕೂ ಇರುತ್ತದೆ, ನಮ್ಮ ಉಚ್ಚಾರಣೆ ಕೇಳಿ ಏನೆಂದುಕೊಳ್ಳುತ್ತಾರೋ ಎಂದು. ನನಗೂ ಇತ್ತು. ಹೋಗಿ ಕುಳಿತ ಮೇಲೆ ಗೊತ್ತಾಯಿತು, ಅಲ್ಲಿ ಬಜೆಟ್ ಪುಟಗಳನ್ನು ಓದಿಕೊಂಡು ಬಂದವರು ಇಬ್ಬರೋ ಮೂವರೋ. ಓದಿಕೊಂಡು ಬಂದವರ ಮಾತನ್ನು ಎಲ್ಲರೂ ಕೇಳುತ್ತಾರೆ.

ಬಂಡವಾಳವೆಂದು ಕಾಂಡೋ ಕೊಂಡು ಬಾಡಿಗೆಗೆ ಕೊಟ್ಟು ದೂರದ ರಾಜ್ಯದಲ್ಲಿರುವವರ ಮೇಲೆ ನನಗೆ ಹೆಚ್ಚಿನ ದೂರು ಇದೆ. ಬಾಡಿಗೆ ಬಂದು ಶುಲ್ಕ ಕಳೆದು ಉಳಿಯುವುದೆಷ್ಟು ಎಂಬುದಷ್ಟೇ ನೀವು ನೋಡುವುದು. ನಿಧಿ ಬೇಡ ಎಂಬ ಪ್ರಾಕ್ಸಿಗೆ ಕಣ್ಣು ಮುಚ್ಚಿ ಸಹಿ ಹಾಕುತ್ತೀರಿ. ಆ ಬಾಲ್ಕನಿಯಲ್ಲಿ ಬಟ್ಟೆ ಹರವುವವರು ನಿಮ್ಮ ಮಕ್ಕಳಲ್ಲ, ಬಾಡಿಗೆದಾರರ ಮಕ್ಕಳು. ಆ ಸಹಿಯ ಭಾರ ಅವರ ಮೇಲೂ ಬೀಳುತ್ತದೆ.

ಇನ್ನು ಕೊಳ್ಳಲು ಹೊರಟವರಿಗೆ. ಅಡುಗೆಮನೆಯ ಕಲ್ಲು, ಕಿಟಕಿಯ ನೋಟ ಆಮೇಲೆ ನೋಡಿ. ಮೊದಲು ಮೀಸಲು ನಿಧಿಯ ಅಧ್ಯಯನ, ಕಟ್ಟಡದ ತಪಾಸಣಾ ವರದಿ, ಈ ವರ್ಷದ ಬಜೆಟ್, ಕಳೆದ ಎರಡು ವರ್ಷದ ಸಭೆಗಳ ನಡಾವಳಿ ಕೇಳಿ ಪಡೆಯಿರಿ. ಫ್ಲಾರಿಡಾದಲ್ಲಿ ಹಳೆಯ ಕಾಂಡೋ ಕೊಳ್ಳುವವರು ಈ ದಾಖಲೆಗಳು ಕೈಗೆ ಬಂದ ಮೇಲೆ ರಜಾದಿನಗಳನ್ನು ಬಿಟ್ಟು ಏಳು ದಿನದೊಳಗೆ ಒಪ್ಪಂದ ರದ್ದು ಮಾಡಬಹುದು, ಮೊದಲು ಮೂರೇ ದಿನ ಇತ್ತು. ನಡಾವಳಿಯನ್ನು ನಿಧಾನವಾಗಿ ಓದಿ. 'ಮುಂದಿನ ಸಭೆಗೆ ಮುಂದೂಡಲಾಯಿತು' ಎಂಬ ಮಾತು ಛಾವಣಿಯ ಬಗ್ಗೆ ಎಷ್ಟು ಸಲ ಬರುತ್ತದೆ ಎಂದು ಎಣಿಸಿ. ಒಟ್ಟು ಬಜೆಟ್‌ನಲ್ಲಿ ಶೇಕಡಾ 10 ಆದರೂ ಮೀಸಲು ನಿಧಿಗೆ ಹೋಗಬೇಕೆಂದು ಸಾಲ ಕೊಡುವವರು ಬಹುಕಾಲದಿಂದ ನೋಡುತ್ತ ಬಂದಿದ್ದಾರೆ. ಹಳೆಯ ಕಟ್ಟಡಕ್ಕೆ ಅದೂ ಸಾಲದು. ಶುಲ್ಕ ಅಕ್ಕಪಕ್ಕದ ಕಟ್ಟಡಗಳಿಗಿಂತ ಬಹಳ ಕಡಿಮೆ ಇದ್ದರೆ, ಏಕೆ ಎಂದು ಕೇಳದೆ ಮುಂಗಡ ಕೊಡಬೇಡಿ.

ಬೆಂಗಳೂರಿನಲ್ಲಿ ಫ್ಲಾಟ್ ಇರುವವರು ನಮ್ಮಲ್ಲಿ ಅರ್ಧಕ್ಕರ್ಧ ಇರಬಹುದು, ಅಪ್ಪ ಅಮ್ಮ ಇರುವುದು ಅಲ್ಲಿಯೇ. ನನ್ನ ತಮ್ಮ ಇರುವ ಅಪಾರ್ಟ್‌ಮೆಂಟಿಗೆ ಹದಿನೆಂಟು ವರ್ಷ. ಬಿಲ್ಡರ್ ಬಿಟ್ಟುಹೋದ ಕಾರ್ಪಸ್ ಹಣ (ಮೂಲ ಇಡುಗಂಟು) ಡೀಸೆಲ್ ಜನರೇಟರಿಗೂ ಬಣ್ಣಕ್ಕೂ ಕರಗಿದೆ. ಕರ್ನಾಟಕದ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರದು, ಹತ್ತು ಇಪ್ಪತ್ತು ಮನೆಗಳ ಕಟ್ಟಡಗಳ ಕಾಲದ್ದು. ಇಷ್ಟು ಪಾಲನ್ನು ಮುಂದಿನ ದುರಸ್ತಿಗೆ ಎತ್ತಿಡಲೇಬೇಕು ಎಂದು ಅದು ಗೊತ್ತುಪಡಿಸಿಲ್ಲ. ಪಕ್ಕದ ಮಹಾರಾಷ್ಟ್ರದ ಗೃಹ ಸಹಕಾರ ಸಂಘಗಳ ಮಾದರಿ ಉಪವಿಧಿಗಳಲ್ಲಿ ಸಿಂಕಿಂಗ್ ಫಂಡ್‌ಗೆ, ಅಂದರೆ ಅಲ್ಲಿಯ ಇಡುಗಂಟಿಗೆ, ವರ್ಷಕ್ಕೆ ಕಟ್ಟಡದ ವೆಚ್ಚದ ಕನಿಷ್ಠ ಶೇಕಡಾ 0.25 ಎಂದಿದೆ. ಹದಿನೈದು ವರ್ಷ ದಾಟಿದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ಮೂವತ್ತು ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ರಚನೆಯ ಪರೀಕ್ಷೆಯೂ ಇದೆ. ರಿಯಲ್ ಎಸ್ಟೇಟ್ ನಿಯಂತ್ರಿಸುವ ರೇರಾ ಕಾನೂನಿನಡಿ, ಕಟ್ಟಡದ ದೋಷಗಳಿಗೆ ಬಿಲ್ಡರ್‌ನ ಹೊಣೆ ಐದು ವರ್ಷ. ಆರನೆಯ ವರ್ಷದಿಂದ ಇಡೀ ಕಟ್ಟಡದ ಹೊಣೆ ಮಾಲೀಕರದು. ರಜೆಯಲ್ಲಿ ಊರಿಗೆ ಹೋದಾಗ ಸಂಘದ ಕಾರ್ಯದರ್ಶಿಗಳನ್ನು ಕಂಡು ಒಂದೇ ಪ್ರಶ್ನೆ ಕೇಳಿ, ಲಿಫ್ಟ್ ಬದಲಿಸುವ ಹಣ ಎಲ್ಲಿದೆ ಎಂದು.

ಅಮೆರಿಕದ ಕನ್ನಡ ಸಂಘಟನೆಗಳಾದ 'ಅಕ್ಕ', 'ನಾವಿಕ'ಗಳ ಸಮ್ಮೇಳನಗಳಲ್ಲಿ ಆರೋಗ್ಯದ ಗೋಷ್ಠಿ, ತೆರಿಗೆಯ ಗೋಷ್ಠಿ ನಡೆಯುತ್ತವೆ. ಮನೆಯ ಬಗ್ಗೆ ಒಂದು ಗಂಟೆ ಕೊಡಿ ಎಂದು ಸಂಘಟಕರಲ್ಲಿ ಕೇಳಿಕೊಳ್ಳುತ್ತೇನೆ. ನಮ್ಮ ಸಮುದಾಯದಲ್ಲಿ ಸಿವಿಲ್ ಎಂಜಿನಿಯರರಿಗೆ ಕೊರತೆ ಇಲ್ಲ, ಲೆಕ್ಕಪರಿಶೋಧಕರಿಗೂ ಇಲ್ಲ. ಕೈಯಲ್ಲಿ ಒಂದು ಬಜೆಟ್ ಹಾಳೆ ಹಿಡಿದು ಅದನ್ನು ಓದುವುದು ಹೇಗೆಂದು ಹೇಳಿಕೊಟ್ಟರೆ ಸಾಕು. ಕರೆದರೆ ನಾನು ನನ್ನ ಖರ್ಚಿನಲ್ಲೇ ಬರುತ್ತೇನೆ.

ನಮ್ಮ ಕಟ್ಟಡದ ಬಜೆಟ್ ಸಭೆ ಡಿಸೆಂಬರ್ ಮೊದಲ ವಾರದಲ್ಲಿದೆ. ನಿಧಿಯನ್ನು ಎರಡು ವರ್ಷ ನಿಲ್ಲಿಸಬೇಕು ಎಂಬ ಪ್ರಸ್ತಾವ ಕಾರ್ಯಸೂಚಿಯಲ್ಲಿದೆ. 84 ಮತಗಳಲ್ಲಿ ಅದಕ್ಕೆ 43 ಬಿದ್ದರೆ ಗೆಲ್ಲುತ್ತದೆ. ಸಂಜೆ ಕೆಲಸದಿಂದ ಬಂದ ಮೇಲೆ ನಾನು ಒಂದೊಂದೇ ಬಾಗಿಲು ತಟ್ಟುತ್ತಿದ್ದೇನೆ, ಬಾಲ್ಕನಿಗಳ ಫೋಟೋ ಹಿಡಿದುಕೊಂಡು. ನನ್ನ ಮನೆ ಬಿಟ್ಟು 83ರಲ್ಲಿ ಇದುವರೆಗೆ 31 ಆಗಿವೆ, 52 ಉಳಿದಿವೆ. ಅವುಗಳಲ್ಲಿ ಎರಡು ಮನೆಗಳ ಮಾಲೀಕರು ಕನ್ನಡಿಗರು. ಇಬ್ಬರೂ ಬೇರೆ ರಾಜ್ಯದಲ್ಲಿದ್ದಾರೆ, ಇಬ್ಬರ ಮನೆಯಲ್ಲೂ ಬಾಡಿಗೆದಾರರಿದ್ದಾರೆ. ಮೂರು ಸಲ ಫೋನ್ ಮಾಡಿದೆ, ಪರಿಚಯವಿಲ್ಲದ ಸಂಖ್ಯೆ ಎಂದು ಎತ್ತಿಲ್ಲದಿರಬಹುದು. ಈ ಪತ್ರ ಅವರ ಕಣ್ಣಿಗೆ ಬಿದ್ದರೆ, ಪ್ರಾಕ್ಸಿಗೆ ಸಹಿ ಹಾಕುವ ಮುನ್ನ ದಯವಿಟ್ಟು ಒಮ್ಮೆ ನನ್ನ ಜೊತೆ ಮಾತಾಡಿ.

ಇತಿ ನಿಮ್ಮವಳು,
ದಕ್ಷಿಣ ಫ್ಲಾರಿಡಾದ ಒಂದು ಕಾಂಡೋ ಸಂಘದ ಖಜಾಂಚಿ